ದೂರ ಹಾರುವ ಹಳೇ ಜೆಟ್, ನಮ್ಮೂರ ಉಪ್ಪು ಗಾಳಿ

(ಕಾರವಾರದಲ್ಲಿ ಜುಲೈ ತಿಂಗಳ ಒಂದು ಸಂಜೆ ಆಡಿದ ಮಾತಿನ ಬರಹ ರೂಪ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲಿ ಇಷ್ಟು ಜನ ಬರುತ್ತೀರಿ ಅಂದುಕೊಂಡಿರಲಿಲ್ಲ. ಕೊಡೆಗಳೆಲ್ಲ ಬಾಗಿಲ ಹತ್ತಿರ ರಾಶಿ ಬಿದ್ದಿವೆ. ಹೋಗುವಾಗ ನಿಮ್ಮದನ್ನೇ ನೋಡಿ ತೆಗೆದುಕೊಳ್ಳಿ. ಮುಂದಿನ ಎರಡು ಸಾಲಿನಲ್ಲಿ ಬೈತಖೋಲದ ಬೋಟಿನವರು ಕೂತಿದ್ದಾರೆ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆ ಬಂದ್, ಅದಕ್ಕೇ ಸಿಕ್ಕಿದ್ದಾರೆ. ಆಗಸ್ಟ್ ಆಗಿದ್ದರೆ ಒಬ್ಬರೂ ಬರುತ್ತಿರಲಿಲ್ಲ, ಅಲ್ವಾ?

ನಾನು ವಿಮಾನ ಓಡಿಸಿದವನಲ್ಲ, ರಿಪೇರಿ ಮಾಡಿದವನು. ಅಂಕೋಲೆ ಕಡೆಯವನು. ಮುಂಬೈಗೆ ಹೋಗಿ ಲೈಸೆನ್ಸ್ ಮಾಡಿಕೊಂಡೆ. ಮೂವತ್ತು ಚಿಲ್ಲರೆ ವರ್ಷ ಹ್ಯಾಂಗರಿನಲ್ಲೇ ಕಳೆದೆ. ಅರ್ಧ ಮುಂಬೈಯಲ್ಲಿ, ಅರ್ಧ ಗಲ್ಫ್‌ನಲ್ಲಿ. ದೊಡ್ಡ ಏರ್‌ಲೈನ್ ವಿಮಾನಗಳಿಗಿಂತ ಜಾಸ್ತಿ ಕೆಲಸ ಮಾಡಿದ್ದು ಖಾಸಗಿ ಜೆಟ್‌ಗಳ ಮೇಲೆ. ಅದರಲ್ಲೂ ಹಳೆಯವುಗಳ ಮೇಲೆ. ಹೊಸತು ನನ್ನ ಕೈಗೆ ಬಂದದ್ದು ಕಡಿಮೆ. ಬಂದಾಗಲೂ ಅದರ ಮುಂದೆ ಲ್ಯಾಪ್‌ಟಾಪ್ ಹಿಡಿದು ಕೂರುವುದೇ ಕೆಲಸವಾಗಿತ್ತು.

ಟ್ಯಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ಪಕ್ಕ ಟುಪೊಲೆವ್ ವಿಮಾನ ನಿಂತಿದೆಯಲ್ಲ, ನೀವೆಲ್ಲ ಅದರ ಮುಂದೆ ಫೋಟೋ ತೆಗೆಸಿಕೊಂಡವರೇ. ಟಿಯು-142. 1988ರಲ್ಲಿ ನಮ್ಮ ನೌಕಾಪಡೆಗೆ ಬಂತು. ಬಂದಿಳಿದದ್ದು ಪಕ್ಕದ ಗೋವಾದ ದಾಬೋಲಿಂನಲ್ಲಿ. ಕೊನೆಗೆ 2017ರ ಮಾರ್ಚ್‌ನಲ್ಲಿ ತಮಿಳುನಾಡಿನ ಅರಕ್ಕೋಣಂನಲ್ಲಿ ನಿವೃತ್ತಿ ಕೊಟ್ಟರು. ನಾಲ್ಕು ಎಂಜಿನ್, ಒಂದೊಂದಕ್ಕೂ ಎರಡೆರಡು ಪ್ರೊಪೆಲರ್, ಒಂದು ಆ ಕಡೆ ತಿರುಗಿದರೆ ಇನ್ನೊಂದು ಈ ಕಡೆ. ಸಮುದ್ರದ ಮೇಲೆ ಹತ್ತಾರು ಗಂಟೆ ಹಾರಿ ಸಬ್‌ಮರೀನ್ ಹುಡುಕುವುದು ಅದರ ಕೆಲಸ. ನಮ್ಮೂರಿಗೆ ಅದು ಹಾರಿ ಬರಲಿಲ್ಲ. ಬಿಚ್ಚಿ, ಲಾರಿಯ ಮೇಲೆ ತಂದು, ಇಲ್ಲಿ ಜೋಡಿಸಿದರು.

ಹೋದ ಸಲ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಅವಳು ಕೇಳಿದಳು: "ಅಜ್ಜಾ, ಇದು ಹಳೆಯದಾಯಿತು ಅಂತ ಯಾರು ತೀರ್ಮಾನ ಮಾಡಿದರು?" ಸುಮ್ನೆ ಕೇಳಿದ ಪ್ರಶ್ನೆ. ನನಗೆ ಮಾತ್ರ ಅದು ತಲೆಯಲ್ಲೇ ಉಳಿಯಿತು. ಇವತ್ತಿನ ಮಾತು ಅಲ್ಲಿಂದಲೇ ಹುಟ್ಟಿದ್ದು. ಆದರೆ ಟುಪೊಲೆವ್ ಬಗ್ಗೆ ಅಲ್ಲ, ನನ್ನ ಕೈಗೆ ಗ್ರೀಸ್ ಹತ್ತಿಸಿದ ವಿಮಾನದ ಬಗ್ಗೆ. ಅದರ ಹೆಸರು ಗಲ್ಫ್‌ಸ್ಟ್ರೀಮ್ ಫೋರ್. ನಾವು ಕರೆಯುತ್ತಿದ್ದದ್ದು ಜಿ-ಫೋರ್.

ಈ ಕಂಪನಿಯ ಕಥೆ ಶುರುವಾಗುವುದು ಗ್ರುಮ್ಮನ್ ಎಂಬ ಅಮೆರಿಕದ ಯುದ್ಧವಿಮಾನ ಕಂಪನಿಯಲ್ಲಿ. 1958ರಲ್ಲಿ ಅವರು ಕಂಪನಿ ಮಾಲೀಕರಿಗಾಗಿ ಪ್ರೊಪೆಲರ್ ಇರುವ ಒಂದು ವಿಮಾನ ಮಾಡಿದರು. 1966ರಲ್ಲಿ ಅದೇ ಹೆಸರಿನ ಜೆಟ್ ಹಾರಿತು, ಗಲ್ಫ್‌ಸ್ಟ್ರೀಮ್ ಟೂ. ಆ ಜೆಟ್ ಎಷ್ಟು ಗಟ್ಟಿ ಎಂದರೆ, ನಾಸಾದವರು ನಾಲ್ಕು ವಿಮಾನ ತೆಗೆದುಕೊಂಡು ಸ್ಪೇಸ್ ಶಟಲ್ ಇಳಿಸುವುದನ್ನು ಕಲಿಸಲು ಬಳಸಿದರು. ಶಟಲ್ ಇಳಿಯುತ್ತಿದ್ದದ್ದು ಕಲ್ಲು ಬಿದ್ದ ಹಾಗೆ. ಅದನ್ನು ಅಣಕಿಸಬೇಕೆಂದರೆ ಹಾರುತ್ತಿರುವಾಗಲೇ ಚಕ್ರ ಇಳಿಬಿಟ್ಟು, ಎಂಜಿನ್‌ನ ಒತ್ತನ್ನು ಹಿಂದುಮುಂದು ತಿರುಗಿಸಿ ಕೆಳಗೆ ಬರಬೇಕು. ಒಬ್ಬ ಸಾಹುಕಾರ ಜ್ಯೂಸ್ ಕುಡಿಯುತ್ತಾ ಕೂರಲು ಮಾಡಿದ ವಿಮಾನ ಅದನ್ನೆಲ್ಲ ತಡೆದುಕೊಂಡಿತು.

1978ರಲ್ಲಿ ಆ ವಿಭಾಗವನ್ನು ಕೊಂಡವರು ಅಲೆನ್ ಪಾಲ್ಸನ್. ಈ ಮನುಷ್ಯನ ಬಗ್ಗೆ ನನಗೆ ಸ್ವಲ್ಪ ಪಕ್ಷಪಾತ ಇದೆ. ಯಾಕೆಂದರೆ ಅವರು ಏರ್‌ಲೈನ್ ಮೆಕ್ಯಾನಿಕ್ ಆಗಿ ಶುರು ಮಾಡಿದವರು, ಆಮೇಲೆ ಹಳೇ ವಿಮಾನದ ಬಿಡಿಭಾಗ ಮಾರಿ ಮೇಲೆ ಬಂದವರು. ಅವರ ಕಾಲದಲ್ಲಿ, 1985ರ ಸೆಪ್ಟೆಂಬರ್ 19ರಂದು, ಜಿ-ಫೋರ್ ಮೊದಲ ಸಲ ಹಾರಿತು. 1987ರಲ್ಲಿ ಪಾಲ್ಸನ್ ಅದನ್ನು ತಾವೇ ಓಡಿಸಿಕೊಂಡು ಪ್ಯಾರಿಸ್‌ನಿಂದ ಪಶ್ಚಿಮಕ್ಕೆ ಹೊರಟು ಭೂಮಿಯನ್ನು ಒಂದು ಸುತ್ತು ಹಾಕಿ ಬಂದರು. 45 ಗಂಟೆ ಚಿಲ್ಲರೆ ಹಿಡಿಯಿತು. ಮರುವರ್ಷ ಹ್ಯೂಸ್ಟನ್‌ನಿಂದ ಪೂರ್ವಕ್ಕೆ ಹೊರಟು 36 ಗಂಟೆ 8 ನಿಮಿಷದಲ್ಲಿ ಮುಗಿಸಿದರು. ಅದೇ ಮಾದರಿಯ ವಿಮಾನ, ಅದೇ ಭೂಮಿ. ಒಂಬತ್ತು ಗಂಟೆ ವ್ಯತ್ಯಾಸ ಯಾಕೆ ಬಂತು ಎಂದು ಬೋಟಿನವರಿಗೆ ನಾನು ಹೇಳಬೇಕಾಗಿಲ್ಲ. ಗಾಳಿ. ಪೂರ್ವಕ್ಕೆ ಹೋಗುವಾಗ ಬೆನ್ನಿಗೆ, ಪಶ್ಚಿಮಕ್ಕೆ ಹೋಗುವಾಗ ಮುಖಕ್ಕೆ.

'ದೂರ ಹಾರುವ' ಅಂದರೆ ಎಷ್ಟು ದೂರ? ಪುಸ್ತಕದಲ್ಲಿ ಜಿ-ಫೋರ್‌ನ ದೂರ ಸುಮಾರು 7,800 ಕಿಲೋಮೀಟರ್. ಎಂಟು ಜನ ಕೂತು, ತುರ್ತಿಗೆ ಬೇಕಾದ ಎಣ್ಣೆ ಉಳಿಸಿಕೊಂಡು, ಗಾಳಿಯೇ ಇಲ್ಲದ ದಿನ. ಅಂಥ ದಿನ ಯಾವತ್ತೂ ಬರುವುದಿಲ್ಲ, ಬಿಡಿ. ಮುಂಬೈಯಿಂದ ಲಂಡನ್ನಿಗೆ ನೇರ ಗೆರೆ ಎಳೆದರೆ ಹತ್ತಿರ ಹತ್ತಿರ 7,200. ಬೆಂಗಳೂರಿನಿಂದ 8,000 ಆಸುಪಾಸು. ಅಂದರೆ ಮುಂಬೈ ಮಾಲೀಕರಿಗೆ ಲಂಡನ್ ಸಿಗುತ್ತದೆ, ಬೆಂಗಳೂರು ಮಾಲೀಕರಿಗೆ ಸಿಗುವುದಿಲ್ಲ. ಮುಂಬೈಯಿಂದಲೂ ಚಳಿಗಾಲದಲ್ಲಿ ಎದುರು ಗಾಳಿ ಜೋರಿದ್ದರೆ, ದಾರಿಯಲ್ಲಿ ಯಾವುದೋ ದೇಶದ ಆಕಾಶ ಬಳಸಿ ಹೋಗಬೇಕಾದರೆ, ಎಲ್ಲೋ ಒಂದು ಕಡೆ ಇಳಿದು ಎಣ್ಣೆ ಹಾಕಿಸಬೇಕು. ನನ್ನ ಪರಿಚಯದ ಪೈಲಟ್ ಒಬ್ಬರು ಹೇಳುತ್ತಿದ್ದರು: "ಮಾಲೀಕರು ನೋಡುವುದು 7,800. ನಾನು ನೋಡುವುದು ಹವಾಮಾನದ ಚಾರ್ಟು." ಮುಂದೆ 1995ರಲ್ಲಿ ಹಾರಿದ ಜಿ-ಫೈವ್ ಈ ದೂರವನ್ನು 12,000 ಕಿಲೋಮೀಟರಿಗೆ ಎಳೆಯಿತು. ಅಲ್ಲಿಗೆ ಜಿ-ಫೋರ್ 'ಹಳೆಯದು' ಆಯಿತು. ಮೊಮ್ಮಗಳ ಪ್ರಶ್ನೆಗೆ ಒಂದು ಉತ್ತರ ಇದು. ಪಕ್ಕದಲ್ಲಿ ಹೊಸತು ಬಂದು ನಿಂತ ದಿನ ಇದು ಹಳೆಯದಾಗುತ್ತದೆ. ಲೋಹಕ್ಕೆ ಅದು ಗೊತ್ತೇ ಇರುವುದಿಲ್ಲ.

ಟ್ಯಾಂಕ್ ತುಂಬಿದರೆ ಜಿ-ಫೋರ್ ಹಿಡಿಯುವ ಎಣ್ಣೆ ಹದಿಮೂರು ಟನ್‌ಗಿಂತ ಜಾಸ್ತಿ. ಪೆಟ್ರೋಲ್ ಬಂಕಿಗೆ ಬರುವ 12,000 ಲೀಟರಿನ ಒಂದು ಟ್ಯಾಂಕರ್ ಸಾಲುವುದಿಲ್ಲ. ಅಷ್ಟೂ ಇರುವುದು ರೆಕ್ಕೆಯೊಳಗೆ. ಬೇರೆ ಡಬ್ಬಿ ಅಂತ ಇಲ್ಲ, ರೆಕ್ಕೆಯೇ ಡಬ್ಬಿ. ಗಂಟೆಗೆ ಹೆಚ್ಚುಕಡಿಮೆ 1,800 ಲೀಟರ್ ಸುಡುತ್ತದೆ. ಇದನ್ನು ಹೇಳಿದಾಗ ಹಿಂದಿನ ಸಾಲಿನಿಂದ ಒಬ್ಬರು ಅಕ್ಕೋರು ಎದ್ದು ಕೇಳಿದರು: "ನಾಲ್ಕು ಜನ ಹೋಗಲು ಇಷ್ಟು ಎಣ್ಣೆ ಸುಡುವುದು ಸರಿಯಾ?" ಸರಿ ಎಂದು ನಾನು ವಾದ ಮಾಡಲಾರೆ, ಅಕ್ಕೋರೆ. ಅದರಿಂದ ಸಂಬಳ ತೆಗೆದುಕೊಂಡವನು ನಾನು, ಸಾಚಾ ಅನ್ನಿಸಿಕೊಳ್ಳುವ ಹಕ್ಕೂ ನನಗಿಲ್ಲ. ಯಂತ್ರದ ಮೇಲಿನ ಪ್ರೀತಿ ಬೇರೆ, ಅದನ್ನು ಬಳಸುವವರ ಲೆಕ್ಕ ಬೇರೆ. ನಾನು ಮೊದಲನೆಯದನ್ನು ಮಾತ್ರ ಹೇಳಬಲ್ಲೆ.

ಎಂಜಿನ್ ಬಗ್ಗೆ ಎರಡು ಮಾತು. ಹಿಂದಿನ ಜಿ-ಟೂ, ಜಿ-ಥ್ರೀಗಳಲ್ಲಿ ಇದ್ದದ್ದು ರೋಲ್ಸ್-ರಾಯ್ಸ್ ಕಂಪನಿಯ ಸ್ಪೇ ಎಂಜಿನ್. ಗಟ್ಟಿಯೇನೋ ಹೌದು, ಸದ್ದು ಮಾತ್ರ ವಿಪರೀತ. ಅಮೆರಿಕದಲ್ಲಿ 2015ರ ಕೊನೆಗೆ ಸಣ್ಣ ಜೆಟ್‌ಗಳಿಗೂ ಸದ್ದಿನ ನಿಯಮ ಬಿಗಿ ಮಾಡಿದಾಗ, ಸದ್ದು ತಗ್ಗಿಸುವ ಕಿಟ್ ಹಾಕಿಸಿಕೊಳ್ಳದ ಸ್ಪೇ ಎಂಜಿನ್ ಜೆಟ್‌ಗಳು ಒಂದೇ ರಾತ್ರಿಯಲ್ಲಿ ಗುಜರಿಯ ಲೆಕ್ಕಕ್ಕೆ ಸೇರಿದವು. ಜಿ-ಫೋರ್‌ಗೆ ಹಾಕಿದ್ದು ಟೇ ಎಂಜಿನ್. ಅದರ ಹೊಟ್ಟೆಯಲ್ಲಿ ಇರುವುದು ಅದೇ ಸ್ಪೇ. ಮುಂದೆ ದೊಡ್ಡ ಫ್ಯಾನ್ ಕೂರಿಸಿ, ಒಲೆಯ ಒಳಗೆ ಹೋಗುವ ಗಾಳಿಯ ಮೂರು ಪಟ್ಟು ಗಾಳಿ ಹೊರಗಿನಿಂದಲೇ ಹಾಯುವಂತೆ ಮಾಡಿದರು. ಸದ್ದು ಇಳಿಯಿತು, ಎಣ್ಣೆಯೂ ಉಳಿಯಿತು. ಪಳಗಿದ ಒಳಭಾಗ, ಹೊಸ ಮುಖ. ನನಗೆ ಇಂಥ ಬುದ್ಧಿವಂತಿಕೆ ಇಷ್ಟ.

ಸ್ಪೇ, ಟೇ ಎರಡೂ ಸ್ಕಾಟ್ಲೆಂಡಿನ ನದಿಗಳು. ಜೆಟ್ ಎಂಜಿನ್ನಿಗೆ ನದಿಯ ಹೆಸರಿಡುವುದು ಆ ಕಂಪನಿಯ ಪದ್ಧತಿ. ನಮ್ಮಲ್ಲೂ ಬೆಂಗಳೂರಿನಲ್ಲಿ ಮಾಡಿದ ಜೆಟ್ ಎಂಜಿನ್ನಿಗೆ ಕಾವೇರಿ ಅಂತ ಹೆಸರಿಟ್ಟಿದ್ದಾರೆ. ನಮ್ಮ ಜಿಲ್ಲೆಯಲ್ಲೇ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಇವೆ. ಹೆಸರಿಗೇನೂ ಬರ ಇಲ್ಲ.

ಕಾಳಿ ಅಂದ ಕೂಡಲೇ ಸಭೆಯಲ್ಲಿ ಒಬ್ಬ ಹುಡುಗ ಕೈ ಎತ್ತಿದ. ನಾನು ಇದನ್ನೇ ಕಾಯುತ್ತಿದ್ದೆ ಎನ್ನಿ. "ಸರ್, ನಮ್ಮ ಹಳೇ ಕಾಳಿ ಸೇತುವೆ ನಲವತ್ತು ವರ್ಷಕ್ಕೆ ಬಿದ್ದು ಹೋಯಿತು. ನಲವತ್ತು ವರ್ಷದ ವಿಮಾನ ಹತ್ತಲು ಹೆದರಿಕೆ ಆಗಲ್ವಾ?"

2024ರ ಆಗಸ್ಟ್ 7ರ ಮಧ್ಯರಾತ್ರಿ ಆ ಸೇತುವೆ ಲಾರಿಯ ಸಮೇತ ನದಿಗೆ ಕುಸಿದದ್ದು ಇಲ್ಲಿ ಯಾರೂ ಮರೆತಿಲ್ಲ. ಡ್ರೈವರ್ ಬದುಕಿದ್ದು ಪುಣ್ಯ. ಸೇತುವೆ ನನ್ನ ಕಸುಬಲ್ಲ, ಅದರ ಬಗ್ಗೆ ಮಾತಾಡುವುದಿಲ್ಲ. ಆದರೆ ಹುಡುಗನ ಪ್ರಶ್ನೆ ಸರಿಯಾದ ಪ್ರಶ್ನೆ. ಅದಕ್ಕೆ ನಾನು ಹವಾಯಿಯ ಕಥೆ ಹೇಳಿದೆ.

ಹವಾಯಿ ಅಂದರೆ ಸಮುದ್ರದ ನಡುವಿನ ದ್ವೀಪಗಳು. ನಮ್ಮ ಹಾಗೆಯೇ ಉಪ್ಪು ಗಾಳಿ. ಅಲ್ಲಿ ಅಲೋಹಾ ಏರ್‌ಲೈನ್ಸ್‌ನ ಒಂದು ಬೋಯಿಂಗ್ 737, ಒಂದು ದ್ವೀಪದಿಂದ ಇನ್ನೊಂದಕ್ಕೆ ಬಸ್ಸಿನ ಹಾಗೆ ಓಡಾಡುತ್ತಿತ್ತು. 1988ರ ಏಪ್ರಿಲ್ 28ರಂದು, 24,000 ಅಡಿ ಎತ್ತರದಲ್ಲಿ, ಅದರ ಮುಂಭಾಗದ ಮಾಡು ಹಾರಿಹೋಯಿತು. ಹದಿನೆಂಟು ಅಡಿ ಉದ್ದಕ್ಕೆ, ಹಂಚು ಹಾರಿದ ಮನೆಯ ಹಾಗೆ. ಒಬ್ಬ ಗಗನಸಖಿ ತೀರಿಕೊಂಡರು. ಉಳಿದವರನ್ನು ಪೈಲಟ್‌ಗಳು ಹೇಗೋ ಇಳಿಸಿದರು. ವಿಮಾನದ ವಯಸ್ಸು ಎಷ್ಟು ಗೊತ್ತಾ? ಬರೀ 19 ವರ್ಷ. ಹಾರಿದ್ದು 35,000 ಗಂಟೆ ಚಿಲ್ಲರೆ. ಆದರೆ ಹತ್ತಿ ಇಳಿದದ್ದು 89,680 ಸಲ. ಭಾಗಿಸಿ ನೋಡಿ, ಒಂದೊಂದು ಹಾರಾಟ ಸರಾಸರಿ 24 ನಿಮಿಷ.

ಇಲ್ಲೇ ಇರುವುದು ಗುಟ್ಟು. ವಿಮಾನ ಮೇಲೆ ಹೋದ ಹಾಗೆ ಹೊರಗೆ ಗಾಳಿ ತೆಳುವಾಗುತ್ತದೆ, ಒಳಗಿನ ಗಾಳಿ ಮೈಯನ್ನು ಬಲೂನಿನ ಹಾಗೆ ಉಬ್ಬಿಸುತ್ತದೆ. ಇಳಿದಾಗ ಮತ್ತೆ ಕುಗ್ಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದಿದ್ದೀರಲ್ಲ? ಅದು ಮುರಿಯುವುದು ವರ್ಷ ಕಳೆದದ್ದಕ್ಕಲ್ಲ, ಬಗ್ಗಿಸಿದ ಲೆಕ್ಕಕ್ಕೆ. ವಿಮಾನದ್ದೂ ಹಾಗೆಯೇ. ಅದರ ನಿಜವಾದ ವಯಸ್ಸು ಉಬ್ಬಿ ಕುಗ್ಗಿದ ಲೆಕ್ಕ. ಅದರ ಜೊತೆ ಉಪ್ಪು ಸೇರಿದರೆ ಕೇಳುವುದೇ ಬೇಡ.

ಈಗ ದೂರ ಹಾರುವ ಜೆಟ್ ನೋಡಿ. ಒಮ್ಮೆ ಹತ್ತಿದರೆ ಮೂರು ಗಂಟೆ, ಐದು ಗಂಟೆ, ಒಂಬತ್ತು ಗಂಟೆ ಮೇಲೆಯೇ ಇರುತ್ತದೆ. ನಡುನಡುವೆ ಸಣ್ಣ ಓಡಾಟವೂ ಇರುವುದರಿಂದ ಸರಾಸರಿ ಎರಡೇ ಗಂಟೆ ಎಂದಿಟ್ಟುಕೊಳ್ಳೋಣ. 12,000 ಗಂಟೆ ಹಾರಿದ ಜಿ-ಫೋರ್ ಹತ್ತಿ ಇಳಿದದ್ದು 6,000 ಸಲ. ಹವಾಯಿಯ 737ಕ್ಕೆ ಹೋಲಿಸಿದರೆ ಅದು ಇನ್ನೂ ಹಾಲು ಹಲ್ಲಿನ ಮಗು. ನಾನು ಇವತ್ತು ಹೇಳಲು ಬಂದ ವಿಷಯ ಹೆಚ್ಚುಕಡಿಮೆ ಇಷ್ಟೇ. ದೂರ ಹಾರುವ ವಿಮಾನಕ್ಕೆ ವಯಸ್ಸಾಗುವುದು ನಿಧಾನ. ಕ್ಯಾಲೆಂಡರಿನ ಪ್ರಕಾರ ಅಜ್ಜ, ಲೋಹದ ಪ್ರಕಾರ ಹರೆಯ. ಮಾರುಕಟ್ಟೆ ಬೆಲೆ ಕಟ್ಟುವುದು ಕ್ಯಾಲೆಂಡರ್ ನೋಡಿ. ಹಳೇ ಜೆಟ್‌ನ ಸೆಳೆತ ಇರುವುದು ಆ ಎರಡರ ನಡುವಿನ ಅಂತರದಲ್ಲಿ.

ಹಾಗಂತ ಅದಕ್ಕೆ ರೋಗ ಇಲ್ಲ ಎಂದಲ್ಲ. ಉಬ್ಬಿ ಕುಗ್ಗಿದ್ದು ಕಡಿಮೆ ಇದ್ದರೂ ಉಪ್ಪು, ನೀರು ಬಿಡುವುದಿಲ್ಲ. ವಿಮಾನದ ಅಲ್ಯೂಮಿನಿಯಂ ಅಂದರೆ ನಮ್ಮ ಅಡಿಗೆಮನೆಯ ಪಾತ್ರೆಯ ಅಲ್ಯೂಮಿನಿಯಂ ಅಲ್ಲ. ಗಟ್ಟಿ ಆಗಲಿ ಎಂದು ಅದಕ್ಕೆ ತಾಮ್ರವನ್ನೋ ಸತುವನ್ನೋ ಬೆರೆಸುತ್ತಾರೆ. ಗಟ್ಟಿ ಆಗುತ್ತದೆ, ಆದರೆ ಕೊಳೆಯುವ ಗುಣವೂ ಬರುತ್ತದೆ. ಕಬ್ಬಿಣದ ತುಕ್ಕು ಕೆಂಪಗೆ ಕಣ್ಣಿಗೆ ಬೀಳುತ್ತದೆ. ಇದು ಬೀಳುವುದಿಲ್ಲ. ಬಣ್ಣದ ಕೆಳಗೆ ಬಿಳಿ ಪುಡಿಯಾಗುತ್ತದೆ. ಬಣ್ಣ ಸಣ್ಣ ಗುಳ್ಳೆಯ ಹಾಗೆ ಉಬ್ಬುತ್ತದೆ, ಅಷ್ಟೇ ಸುಳಿವು. ತೀರ ಮುಂದುವರಿದರೆ ಲೋಹ ಪದರ ಪದರವಾಗಿ ಬಿಡಿಸಿಕೊಳ್ಳುತ್ತದೆ. ಶಿರಸಿ ಕಡೆಯವರು ತೊಡದೇವು ನೆನಪಿಸಿಕೊಳ್ಳಿ, ಹಾಗೆ. ತಿನ್ನಲು ಚೆಂದ, ರೆಕ್ಕೆಯಲ್ಲಿ ನೋಡಲು ಚೆಂದ ಅಲ್ಲ.

ಒಮ್ಮೆ ಒಂದು ಹಳೇ ಜೆಟ್ 72 ತಿಂಗಳ ತಪಾಸಣೆಗೆ ಬಂತು. ಆರು ವರ್ಷಕ್ಕೊಮ್ಮೆ ಬರುವ ದೊಡ್ಡ ತಪಾಸಣೆ ಅದು. ಸೀಟು, ಕಾರ್ಪೆಟ್, ಮರದ ಪಟ್ಟಿ ಎಲ್ಲ ಕಿತ್ತು, ವಿಮಾನವನ್ನು ಎಲುಬಿನ ತನಕ ಬಿಚ್ಚುತ್ತೇವೆ. ಹೊರಗಿನಿಂದ ಆ ವಿಮಾನ ಮದುಮಗನ ಹಾಗೆ ಹೊಳೆಯುತ್ತಿತ್ತು. ಬಣ್ಣ ಹೊಸತು, ಸೀಟಿನ ಚರ್ಮ ಹೊಸತು. ಮಾಲೀಕರ ಕಡೆಯವರು "ಸುಮ್ನೆ ಔಪಚಾರಿಕ, ಎರಡು ವಾರದಲ್ಲಿ ಕೊಡಿ" ಅಂದರು. ಗ್ಯಾಲಿ, ಅಂದರೆ ಒಳಗಿನ ಪುಟ್ಟ ಅಡಿಗೆಮನೆ, ಅದರ ಕೆಳಗಿನ ಹಲಗೆ ಎತ್ತಿದೆ. ವರ್ಷಾನುಗಟ್ಟಲೆ ಚೆಲ್ಲಿದ ಕಾಫಿ, ಜ್ಯೂಸ್, ಕರಗಿದ ಐಸಿನ ನೀರು ಎಲ್ಲ ಅಲ್ಲಿಗೆ ಇಳಿದಿತ್ತು. ಬೆರಳಿಟ್ಟರೆ ಸುಣ್ಣದ ಪುಡಿ ಬಂದ ಹಾಗೆ ಬಂತು. ಕೆಳಗಿನ ಪಟ್ಟಿ ಒಂದು ಕಡೆ ಅರ್ಧಕ್ಕೆ ತೆಳುವಾಗಿತ್ತು. ಎರಡು ವಾರದ ಕೆಲಸ ನಾಲ್ಕು ತಿಂಗಳಾಯಿತು. ಆ ಸೀಟಿನ ಚರ್ಮಕ್ಕೆ ಸುರಿದ ದುಡ್ಡಿನಲ್ಲಿ ಸ್ವಲ್ಪ ಆ ಹಲಗೆಯ ಕೆಳಗೆ ಹೋಗಿದ್ದರೆ ಎಂದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಅಡಿಗೆಮನೆ, ಶೌಚಾಲಯ, ಬಾಗಿಲ ಹೊಸಿಲು. ಹಳೇ ವಿಮಾನ ಕೊಳ್ಳುವವರು ಮೊದಲು ನೋಡಬೇಕಾದದ್ದು ಈ ಮೂರು ಜಾಗ. ಕಾಕ್‌ಪಿಟ್ ಆಮೇಲೆ.

ಆದರೂ ಹುಡುಗನಿಗೆ ನಾನು ಕೊಟ್ಟ ಉತ್ತರ ಇದೇ. ವಿಮಾನವನ್ನು ಕಾನೂನಿನ ಪ್ರಕಾರ ಬಿಚ್ಚಲೇಬೇಕು. ಕಣ್ಣಿಗೆ ಕಾಣದ ಬಿರುಕನ್ನು ವಿದ್ಯುತ್ತಿನಿಂದಲೋ ಶಬ್ದದ ಅಲೆಯಿಂದಲೋ ಹುಡುಕುತ್ತೇವೆ. ಎಂಜಿನ್ನಿನ ಹೊಟ್ಟೆಯೊಳಗೆ, ಡಾಕ್ಟರು ಎಂಡೋಸ್ಕೋಪಿ ಮಾಡಿದ ಹಾಗೆ, ಬೋರ್‌ಸ್ಕೋಪ್ ಇಳಿಸುತ್ತೇವೆ. ನೋಡಿದವನು ಸಹಿ ಹಾಕಬೇಕು. ಆ ಸಹಿಯ ಮೇಲೆ ಅವನ ಲೈಸೆನ್ಸ್ ನಿಂತಿದೆ. ನನ್ನ ಸಹಿ ಇರುವ ಕಾಗದಗಳು ಎಲ್ಲೆಲ್ಲಿವೆಯೋ, ರಾತ್ರಿ ನಿದ್ದೆ ಬರದಿದ್ದರೆ ಒಂದೊಂದಾಗಿ ಎಣಿಸುತ್ತೇನೆ.

ಈಗ ದುಡ್ಡಿನ ಮಾತು. ಬೋಟಿನವರು ಇದಕ್ಕೇ ಕಾದು ಕೂತಿದ್ದರು. ಹೊಸದರಲ್ಲಿ ಜಿ-ಫೋರ್‌ನ ಬೆಲೆ ಎರಡು ಮೂರು ಕೋಟಿ ಡಾಲರ್. ಈಗ ಒಂದು ಹಳೆಯದು ಅದರ ಹತ್ತನೇ ಒಂದು ಭಾಗಕ್ಕೆ ಸಿಗಬಹುದು. ಇಷ್ಟು ಕೇಳಿದ ಕೂಡಲೇ ಜನ ಕಣ್ಣರಳಿಸುತ್ತಾರೆ. ಆದರೆ ಕೊಳ್ಳುವ ಬೆಲೆ ಇಳಿಯಿತು ಅಂತ ಸಾಕುವ ಬೆಲೆ ಇಳಿಯುವುದಿಲ್ಲ. ಟೇ ಎಂಜಿನ್ ಬಿಚ್ಚಿ ಕಟ್ಟುವವನು ನಿಮ್ಮ ವಿಮಾನ ಅಗ್ಗಕ್ಕೆ ಬಂತು ಎಂದು ರಿಯಾಯಿತಿ ಕೊಡುವುದಿಲ್ಲ. ಎರಡು ಎಂಜಿನ್ ಒಟ್ಟಿಗೆ ಓವರ್‌ಹಾಲ್‌ಗೆ ಬಂದರೆ ಆ ಖರ್ಚೇ ವಿಮಾನದ ಬೆಲೆಯನ್ನು ನುಂಗಿಬಿಡಬಹುದು. ಅದಕ್ಕೇ ಎಷ್ಟೋ ಒಳ್ಳೆಯ ಮೈಕಟ್ಟಿನ ಜೆಟ್‌ಗಳು, ಹಾರಲು ಯಾವ ತೊಂದರೆಯೂ ಇಲ್ಲದವು, ಎಂಜಿನ್ನಿನ ಗಂಟೆ ಮುಗಿದ ದಿನ ಬಿಡಿಭಾಗದ ಅಂಗಡಿಗೆ ಹೋಗುತ್ತವೆ. ಆನೆಯನ್ನು ಯಾರೋ ಬಿಟ್ಟಿ ಕೊಟ್ಟರೂ ಕಬ್ಬು ನಾವೇ ತರಬೇಕು.

ಕೊಳ್ಳುವಾಗ ನಿಜವಾಗಿ ಕೊಳ್ಳುವುದು ಏನನ್ನು? ಕಾಗದವನ್ನು. ಇದು ಬೋಟಿನವರಿಗೆ ತಟ್ಟನೆ ಅರ್ಥವಾಯಿತು. ಸೆಕೆಂಡ್‌ಹ್ಯಾಂಡ್ ಬೋಟು ನೋಡಲು ಹೋದರೆ ತಾಂಡೇಲನು, ಅಂದರೆ ಬೋಟು ನಡೆಸುವವನು, ಮೊದಲು ತಳ ಬಡಿದು ನೋಡುತ್ತಾನೆ, ಎಂಜಿನ್ ಚಾಲೂ ಮಾಡಿ ಹೊಗೆ ನೋಡುತ್ತಾನೆ, ಆಮೇಲೆ ರಿಜಿಸ್ಟ್ರೇಷನ್ ಕೇಳುತ್ತಾನೆ. ವಿಮಾನದಲ್ಲಿ ಇದು ತಿರುಗಾಮುರುಗಾ. ಮೊದಲು ಕಾಗದ. ಹುಟ್ಟಿದ ದಿನದಿಂದ ಹಾರಿದ ಒಂದೊಂದು ಗಂಟೆ, ಇಳಿದ ಒಂದೊಂದು ಸಲ, ಬದಲಾಯಿಸಿದ ಒಂದೊಂದು ಭಾಗ, ಎಲ್ಲ ಬರೆದಿರಬೇಕು. ಒಂದು ಚಕ್ರದ ಕಾಲಿನ ಭಾಗ ಎಷ್ಟೇ ಫಳಫಳ ಹೊಳೆಯಲಿ, ಅದರ ಜಾತಕ ಇಲ್ಲವೆಂದರೆ ಅದು ಗುಜರಿ. ನನ್ನ ಕಣ್ಣೆದುರೇ ಒಂದು ಒಳ್ಳೆಯ ಲ್ಯಾಂಡಿಂಗ್ ಗೇರನ್ನು ಬದಿಗೆ ಹಾಕಿದ್ದೇವೆ. ನಡುವಿನ ಎರಡು ವರ್ಷದ ಲೆಕ್ಕಪುಸ್ತಕ ಯಾವುದೋ ದೇಶದ ಯಾವುದೋ ಆಫೀಸಿನಲ್ಲಿ ಕಳೆದುಹೋಗಿತ್ತು, ಅಷ್ಟಕ್ಕೇ.

ಹಳೇ ಜೆಟ್ ಸಾಕುವವನಿಗೆ ಇನ್ನೊಂದು ತಲೆನೋವು ನಿಯಮ. ತುಂಬಾ ಎತ್ತರದಲ್ಲಿ ಒಂದರ ಮೇಲೊಂದು ಹಾರುವ ಎರಡು ವಿಮಾನಗಳ ನಡುವೆ ಎರಡು ಸಾವಿರ ಅಡಿ ಅಂತರ ಇದ್ದದ್ದನ್ನು ಒಂದು ಸಾವಿರಕ್ಕೆ ಇಳಿಸಿದರು. ಎತ್ತರ ಅಳೆಯುವ ಉಪಕರಣ ಸುಧಾರಿಸಬೇಕಾಯಿತು. 2020ರಿಂದ ಅಮೆರಿಕದಲ್ಲಿ, ತಾನು ಎಲ್ಲಿದ್ದೇನೆ ಎಂದು ವಿಮಾನ ತಾನೇ ಕೂಗಿ ಹೇಳುತ್ತಿರಬೇಕು. ಆ ಪೆಟ್ಟಿಗೆ ಹಾಕಿಸಬೇಕು. ಜಿ-ಫೋರ್‌ನ ಕಾಕ್‌ಪಿಟ್ ತನ್ನ ಕಾಲಕ್ಕೆ ಬೆರಗು ಹುಟ್ಟಿಸಿತ್ತು. ಗಡಿಯಾರದಂಥ ಮುಳ್ಳುಗಳ ಬದಲು ಎಂಟಿಂಚಿನ ಆರು ಟೀವಿ ಪರದೆ. ಆದರೆ ಅವು ಹಳೇ ಟೀವಿಯ ಗಾಜಿನ ಟ್ಯೂಬುಗಳು. ನಿಮ್ಮ ಮನೆಯ ಅಂಥ ಟೀವಿ ಈಗ ಎಲ್ಲಿದೆ? ಅಟ್ಟದ ಮೇಲೆ. ಹೊಸ ಟ್ಯೂಬು ಹುಡುಕುವುದೇ ಕಷ್ಟವಾಗಿ, ಅನುಕೂಲ ಇದ್ದವರು ಚಪ್ಪಟೆ ಪರದೆ ಹಾಕಿಸಿಕೊಂಡರು. ಇನ್ನು ನಮ್ಮ ದೇಶಕ್ಕೆ ತೀರ ಹಳೇ ವಿಮಾನ ತರಿಸಲು ವಯಸ್ಸಿನ ಮಿತಿಯೇ ಇದೆ. ಹಾಗಾಗಿ ಇಲ್ಲಿ ಯಾರಾದರೂ ಕನಸು ಕಾಣುತ್ತಿದ್ದರೆ ಸ್ವಲ್ಪ ತಡೆಯಿರಿ.

ಇಷ್ಟೆಲ್ಲ ತಾಪತ್ರಯ ಇದ್ದೂ ಇದರ ಮೇಲೆ ಪ್ರೀತಿ ಯಾಕೆ? ಮೆಕ್ಯಾನಿಕ್‌ನ ಮಾತು ಹೇಳುತ್ತೇನೆ. ಇದು ಕೈಗೆ ಸಿಗುವ ವಿಮಾನ. ಪೈಲಟ್ ಕೋಲು ಎಳೆದರೆ ಉಕ್ಕಿನ ಹಗ್ಗ ರಾಟೆಗಳ ಮೇಲೆ ಹಾಯ್ದು ಬಾಲದ ತನಕ ಹೋಗುತ್ತದೆ, ಹೈಡ್ರಾಲಿಕ್ ಅದಕ್ಕೆ ಬಲ ಕೊಡುತ್ತದೆ. ಹಗ್ಗ ಸಡಿಲಾದರೆ ಬೆರಳಿಗೆ ಗೊತ್ತಾಗುತ್ತದೆ. ಬಾವಿಯ ಹಗ್ಗ, ರಾಟೆ ನೋಡಿ ಬೆಳೆದವನಿಗೆ ಇದು ಪರಕೀಯ ಅನ್ನಿಸುವುದಿಲ್ಲ. ಈಗಿನವುಗಳಲ್ಲಿ ಕೋಲು ಕಂಪ್ಯೂಟರಿಗೆ ವಿನಂತಿ ಕಳಿಸುತ್ತದೆ, ಕಂಪ್ಯೂಟರ್ ಬಾಲಕ್ಕೆ ಹೇಳುತ್ತದೆ. ಅದು ಇನ್ನೂ ಸುರಕ್ಷಿತ, ಒಪ್ಪುತ್ತೇನೆ. ಆದರೆ ಅಲ್ಲಿ ನನ್ನ ಬೆರಳಿಗೆ ಕೆಲಸ ಇಲ್ಲ.

ಕೂರುವವರಿಗೆ ಬೇರೆ ಸುಖ. ಎರಡಡಿಗೂ ಜಾಸ್ತಿ ಅಗಲದ ಮೊಟ್ಟೆಯಾಕಾರದ ಕಿಟಕಿ, ಒಂದೊಂದು ಬದಿಗೆ ಆರು. ಏರ್‌ಲೈನ್ ಕಿಟಕಿಯಲ್ಲಿ ಇಣುಕಬೇಕು, ಇಲ್ಲಿ ಸುಮ್ಮನೆ ಕೂತರೆ ಆಕಾಶವೇ ಬರುತ್ತದೆ. ಹಾರುವುದು 45,000 ಅಡಿಯ ತನಕ. ಅಷ್ಟು ಮೇಲೆ ಹೋದಾಗಲೂ ಒಳಗಿನ ಗಾಳಿ ಸುಮಾರು 6,500 ಅಡಿ ಎತ್ತರದಲ್ಲಿ ಇದ್ದ ಹಾಗೆ ಇರುತ್ತದೆ. ಅಂದರೆ ಮುಳ್ಳಯ್ಯನಗಿರಿಯ ತುದಿಯಲ್ಲಿ ಕೂತ ಹಾಗೆ. ಸಾಮಾನ್ಯ ಏರ್‌ಲೈನ್ ವಿಮಾನದಲ್ಲಿ ಅದು 8,000 ಅಡಿಯ ತನಕ ಹೋಗುತ್ತದೆ. ಒಂಬತ್ತು ಗಂಟೆ ಕೂತ ಮೇಲೆ ಈ ವ್ಯತ್ಯಾಸ ತಲೆಗೆ ಗೊತ್ತಾಗುತ್ತದಂತೆ. ನನಗೆ ಅಷ್ಟು ಹೊತ್ತು ಕೂರುವ ಯೋಗ ಬರಲಿಲ್ಲ. ರಿಪೇರಿ ಆದಮೇಲಿನ ಪರೀಕ್ಷೆಗೆ ಒಂದು ಗಂಟೆ ಹಾರಿದ್ದೇ ಜಾಸ್ತಿ.

ಒಂದು ಕಹಿ ವಿಷಯವನ್ನೂ ಹೇಳಬೇಕು. 2014ರ ಮೇ 31ರಂದು ಅಮೆರಿಕದ ಬೆಡ್‌ಫರ್ಡ್‌ನಲ್ಲಿ ಒಂದು ಜಿ-ಫೋರ್ ನೆಲ ಬಿಡದೆ ರನ್‌ವೇ ದಾಟಿ ಹೋಗಿ ಸುಟ್ಟುಹೋಯಿತು. ಏಳೂ ಜನ ತೀರಿಕೊಂಡರು. ಯಾಕೆ? ವಿಮಾನ ನಿಂತಾಗ ಗಾಳಿಗೆ ಬಾಲ ಅಲ್ಲಾಡದಿರಲಿ ಎಂದು ಒಂದು ಬೀಗ ಹಾಕುತ್ತಾರೆ, ಗಸ್ಟ್ ಲಾಕ್. ಬೋಟು ಲಂಗರು ಹಾಕಿದಾಗ ನೀವು ಚುಕ್ಕಾಣಿ ಕಟ್ಟಿಡುವ ಹಾಗೆ. ಅದನ್ನು ಬಿಡಿಸದೆಯೇ ಓಡಿಸಿದ್ದರು. ಕೋಲು ಆಡಿಸಿ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಆಡಿಸಿ ನೋಡಿರಲಿಲ್ಲ. ತನಿಖೆ ಮಾಡಿದವರು ಹಿಂದಿನ 175 ಹಾರಾಟಗಳ ದಾಖಲೆ ತೆಗೆದರು. ನೂರಕ್ಕೆ 98 ಸಲ ಆ ಪರೀಕ್ಷೆ ಪೂರ್ತಿ ಆಗಿರಲಿಲ್ಲ. ಬೀಗ ಹಾಕಿದಾಗ ಎಂಜಿನ್ನಿನ ಲಿವರ್ ಮುಂದೆ ಹೋಗದಂತೆ ತಡೆಯಬೇಕಿದ್ದ ವ್ಯವಸ್ಥೆಯೂ ಅಂದುಕೊಂಡಷ್ಟು ತಡೆಯಲಿಲ್ಲ. ಆ ಹಳೇ ವಿನ್ಯಾಸದ ತಪ್ಪೂ ಇದೆ. ಆದರೆ ಅವತ್ತು ಲೋಹ ಮುರಿಯಲಿಲ್ಲ, ತುಕ್ಕು ತಿನ್ನಲಿಲ್ಲ. ಹತ್ತು ಸೆಕೆಂಡಿನ ಕೆಲಸ ಬಿಟ್ಟಿದ್ದರು. ಆ ವರದಿ ಓದಿದ ಮೇಲೆ ನಾನು ನನ್ನ ಸ್ಕೂಟರಿನ ಬ್ರೇಕ್ ಕೂಡ ಹೊರಡುವ ಮುಂಚೆ ಒತ್ತಿ ನೋಡುತ್ತೇನೆ.

ಇಂಥ ಜೆಟ್‌ಗಳಿಗೆ ಇನ್ನೊಂದು ಬದುಕೂ ಇದೆ. ಅಮೆರಿಕದ ಹವಾಮಾನ ಸಂಸ್ಥೆ ನೋವಾ 1990ರ ದಶಕದ ಕೊನೆಯಿಂದ ಒಂದು ಜಿ-ಫೋರ್ ಇಟ್ಟುಕೊಂಡಿದೆ. ಚಂಡಮಾರುತ ಎದ್ದಾಗ ಅದರ ಸುತ್ತ, ಮೋಡದ ಮೇಲಿನಿಂದ ಗಂಟೆಗಟ್ಟಲೆ ಸುತ್ತುವುದು ಅದರ ಕೆಲಸ. ಪ್ಯಾರಾಚೂಟ್ ಕಟ್ಟಿದ ಸಣ್ಣ ಕೊಳವೆಗಳನ್ನು ಕೆಳಗೆ ಬಿಡುತ್ತಾರೆ. ಅವು ಬೀಳುತ್ತಾ ಗಾಳಿಯ ವೇಗ, ಒತ್ತಡ, ತೇವ, ಬಿಸಿ ಎಲ್ಲ ಅಳೆದು ಕಳಿಸುತ್ತವೆ. ಬಿರುಗಾಳಿ ಎತ್ತ ತಿರುಗುತ್ತದೆ ಎಂದು ಹೇಳಲು ಆ ಲೆಕ್ಕ ಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ನಮ್ಮ ಕರಾವಳಿಯ ಪಕ್ಕದಲ್ಲಿ ಹಾದುಹೋದಾಗ ಬೋಟು ಎಲ್ಲಿ ಕಟ್ಟುವುದು ಎಂದು ಫೋನಿನಲ್ಲಿ ಹವಾಮಾನ ನೋಡುತ್ತಾ ಕೂತವರು ಇಲ್ಲಿ ಇದ್ದೀರಿ. ಅಂಥ ಮಾಹಿತಿಯ ಬೆಲೆ ನಿಮಗೆ ಗೊತ್ತು. ಜಪಾನಿನ ಕರಾವಳಿ ಕಾವಲು ಪಡೆ ಸಮುದ್ರ ಕಾಯಲು ಫಾಲ್ಕನ್ 900 ಎಂಬ ಮೂರು ಎಂಜಿನ್ನಿನ ಬಿಸಿನೆಸ್ ಜೆಟ್ ಬಳಸಿತು. ಅದನ್ನು ಮಾಡಿದ್ದು ದಸಾಲ್ಟ್, ನಮ್ಮ ಮಿರಾಜ್, ರಫೇಲ್ ಮಾಡಿದವರು. ದೂರ ಹೋಗುವ ಶಕ್ತಿ ಒಂದು ಇದ್ದರೆ ಸಾಹುಕಾರನ ಸೋಫಾ ಕಿತ್ತು ರೇಡಾರ್ ಕೂರಿಸುವುದು ದೊಡ್ಡ ಮಾತಲ್ಲ. ನಮ್ಮ ಕಡಲತೀರದ ಟುಪೊಲೆವ್ ನಾಲ್ಕು ಎಂಜಿನ್ ಇಟ್ಟುಕೊಂಡು ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಈಗ ಇಂಥವೇ ಮಾಡುತ್ತವೆ.

ಕೊನೆಗೆ ಬೋಟಿನ ಮಾಲೀಕರೊಬ್ಬರು ಎದ್ದರು. ವಯಸ್ಸು ನನ್ನಷ್ಟೇ. "ಅಣ್ಣಾ, ದುಡ್ಡಿದ್ದರೆ ನೀನು ಒಂದು ತಗೋತಿದ್ಯಾ?"

ತಗೊಂಡರೂ ಹಾರಿಸುತ್ತಿರಲಿಲ್ಲ ಅಂದೆ. ಹಾರದ ವಿಮಾನ ಇನ್ನೂ ಬೇಗ ಹಾಳಾಗುತ್ತದೆ ಎಂದೂ ಹೇಳಬೇಕಾಯಿತು. ಸೀಲುಗಳು ಒಣಗಿ ಬಿರಿಯುತ್ತವೆ, ಎಣ್ಣೆಯ ಟ್ಯಾಂಕಿನಲ್ಲಿ ನೀರು ಕೂತು ಪಾಚಿಯಂಥದ್ದು ಬೆಳೆಯುತ್ತದೆ. "ಮತ್ತೆ ನಮ್ಮ ಬೋಟು ಎರಡು ತಿಂಗಳು ನಿಂತಿದೆಯಲ್ಲ" ಎಂದು ಅವರು ನಕ್ಕರು. ಅವರದ್ದು ಕಬ್ಬಿಣದ ಬೋಟು. ಈ ಸಲ ಬಣ್ಣ ಹೊಡೆಸಿ ಆಗಿದೆಯಂತೆ, ಹಸಿರು ಮತ್ತು ಹಳದಿ. ಅಡಿಗೆ ಮಾಡುವ ಮೂಲೆಯ ಕೆಳಗೆ ಯಾವಾಗ ನೋಡಿದ್ದಿರಿ ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಪಕ್ಕದವರು ನಕ್ಕರು. ಸಭೆ ಮುಗಿಯಿತು. ನನ್ನ ಕೊಡೆ ಯಾರೋ ತೆಗೆದುಕೊಂಡು ಹೋಗಿದ್ದರು.

ಮಾರನೇ ದಿನ ಬೆಳಿಗ್ಗೆ ಏಳಕ್ಕೆ ಫೋನ್ ಬಂತು. ಅವರೇ. ಹಿಂದೆ ಸುತ್ತಿಗೆಯ ಸದ್ದು ಕೇಳುತ್ತಿತ್ತು.

"ಒಲೆ ಇಡುವ ಜಾಗದ ಹಲಗೆ ಕಿತ್ತೆ ಅಣ್ಣಾ."

"ಏನಿದೆ?"

"ನೀನು ಹೇಳಿದ್ದೇ ಇದೆ. ಇದು ಕೆಂಪಗಿದೆ, ಅಷ್ಟೇ."

ಎಷ್ಟು ಆಳ ಹೋಗಿದೆ ಎಂದು ಕೇಳಿದೆ.

"ಸ್ಕ್ರೂಡ್ರೈವರ್ ಚುಚ್ಚಿ ನೋಡಬೇಕು. ತರಲು ಹುಡುಗನನ್ನು ಕಳಿಸಿದ್ದೇನೆ. ಫೋನ್ ಇಡಬೇಡ, ಇರು."